ಮಣೆ ಯಾರದು?

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದದ್ದು 1799ರಲ್ಲಿ. ಆಗ ಅವರಿಗಿನ್ನೂ ಐದು ವರ್ಷ ತುಂಬಿರಲಿಲ್ಲ. 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿತು. ಆಗ ಅವರಿಗೆ ಮೂವತ್ತೇಳು. ಹೆಚ್ಚುಕಡಿಮೆ ಇದನ್ನು ಬರೆಯುತ್ತಿರುವ ನನ್ನ, ಓದುತ್ತಿರುವ ನಿಮ್ಮ ವಯಸ್ಸು. ಪದವಿ ಉಳಿಯಿತು, ಅರಮನೆ ಉಳಿಯಿತು, ದಸರಾ ಉಳಿಯಿತು. ಅಧಿಕಾರ ಮಾತ್ರ ಹೋಯಿತು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ, ಅವರು ಆಳುವುದಕ್ಕೆ ರಾಜ್ಯವಿಲ್ಲದ ರಾಜರಾಗಿದ್ದರು.

ಹಾಗಂತ ಸುಮ್ಮನೆ ಕೂತವರಲ್ಲ. ವಿದ್ವಾಂಸರಿಗೆ, ಚಿತ್ರಕಾರರಿಗೆ, ಸಂಗೀತಗಾರರಿಗೆ ಆಶ್ರಯ ಕೊಟ್ಟರು. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ, ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ಲೋಕವೇ ಇದೆ. ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದರು, ಚದುರಂಗದ ಸಮಸ್ಯೆಗಳನ್ನು ರಚಿಸಿದರು, ಕುದುರೆಯ ಹಿಂದಂತೂ ಬಿಡದೆ ಬಿದ್ದರು.

ಕುದುರೆ ನಡೆ ಅಂದರೆ ಇಷ್ಟೇ. ಖಾಲಿ ಮಣೆಯ ಮೇಲೆ ಒಂದು ಕುದುರೆ ಇಡಿ. ಅದು ತನ್ನ ಎರಡೂವರೆ ಮನೆಯ ಹಾರಾಟದಲ್ಲೇ ಅರವತ್ತನಾಲ್ಕು ಮನೆಗಳನ್ನೂ ಮುಟ್ಟಬೇಕು, ಒಂದು ಮನೆಯನ್ನೂ ಎರಡನೇ ಸಲ ತುಳಿಯಬಾರದು. ಇಂಜಿನಿಯರಿಂಗ್ ಓದಿದವರಿಗೆ ಇದು ಬ್ಯಾಕ್‌ಟ್ರ್ಯಾಕಿಂಗ್ ಪಾಠದ ಹಳೇ ಗೆಳೆಯ. ಮಹಾರಾಜರಿಗೆ ಅಷ್ಟು ಸಾಲಲಿಲ್ಲ. ಕುದುರೆ ಇಟ್ಟ ಹೆಜ್ಜೆಗಳಿಗೆ ಕ್ರಮವಾಗಿ 1, 2, 3 ಅಂತ ಸಂಖ್ಯೆ ಬರೆದುಕೊಂಡು ಹೋದರೆ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲಿನ ಮೊತ್ತ ಒಂದೇ ಬರಬೇಕು ಅನ್ನೋದು ಇನ್ನೂ ಕಠಿಣವಾದ ಪಂದ್ಯ. ಎಂಟು ಮನೆಯ ಮಣೆಯಲ್ಲಿ ಆ ಮೊತ್ತ 260, ಹನ್ನೆರಡು ಮನೆಯ ಮಣೆಯಲ್ಲಿ 870. ಹನ್ನೆರಡರ ಮಣೆಯಲ್ಲಿ ಅಂಥ ನಡೆಯನ್ನು ಅವರು ಮಾಡಿ ತೋರಿಸಿದ್ದಾರೆ. ಕಂಪ್ಯೂಟರ್ ಇಲ್ಲ, ಕ್ಯಾಲ್ಕ್ಯುಲೇಟರ್ ಇಲ್ಲ. ಎಂಟರ ಮಣೆಯಲ್ಲಿ ಕರ್ಣಗಳ ಮೊತ್ತವೂ 260 ಬರುವ ನಡೆ ಇದೆಯೇ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2003ರಲ್ಲಿ. ಕಂಪ್ಯೂಟರ್ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ, ಅಡ್ಡ-ಉದ್ದ ಸರಿಹೋಗುವ ಮೂಲ ನಡೆಗಳು 140 ಇವೆ, ಕರ್ಣವೂ ಸರಿಹೋಗುವುದು ಒಂದೂ ಇಲ್ಲ ಅಂತ ಹೇಳಿತು.

ಇದನ್ನೆಲ್ಲ ಓದುವಾಗ ನನಗೆ ಒಂದೇ ಸಮಯಕ್ಕೆ ಎರಡು ಭಾವನೆ ಬರುತ್ತವೆ. ಒಂದು, ಎಂಥ ತಲೆ! ಇನ್ನೊಂದು, ರಾಜ್ಯ ಕಿತ್ತುಕೊಂಡವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕಿತ್ತು? ಅರವತ್ತನಾಲ್ಕು ಮನೆಯೊಳಗೆ ಎಷ್ಟು ಬೇಕಾದರೂ ಬುದ್ಧಿ ಓಡಿಸಲಿ, ಹೊರಗಿನದನ್ನು ನಾವು ನೋಡಿಕೊಳ್ಳುತ್ತೇವೆ ಅಂತ ಅವರು ಅಂದುಕೊಂಡಿದ್ದರೆ? ಬೇರೆಯವರು ಗೆರೆ ಎಳೆದ ಮಣೆಯ ಮೇಲೆ ಸಿಗುವ ಸ್ವಾತಂತ್ರ್ಯ ನಿಜವಾದ ಸ್ವಾತಂತ್ರ್ಯವೋ, ಅಥವಾ ಅಳುವ ಮಗುವಿನ ಕೈಗೆ ಕೊಟ್ಟ ಆಟಿಕೆಯೋ?

ಈ ಪ್ರಶ್ನೆ ಮೈಸೂರಿನದು ಮಾತ್ರ ಅಲ್ಲ. ಇದೇ ಕುದುರೆ ನಡೆಯ ಬಗ್ಗೆ ಗಣಿತಜ್ಞ ಆಯ್ಲರ್ ಬರ್ಲಿನ್ ಅಕಾಡೆಮಿಗಾಗಿ ಬರೆದ ಪ್ರಬಂಧ ಅಚ್ಚಾಗಿದ್ದು 1766ರಲ್ಲಿ. ಅದು ಯುರೋಪಿನ ಜ್ಞಾನೋದಯದ ಕಾಲ. ದೇವರು, ರಾಜ, ಪಾದ್ರಿ ಯಾರು ಹೇಳಿದರೂ ಮೊದಲು ನನ್ನ ಬುದ್ಧಿಗೆ ಒಪ್ಪಿಗೆಯಾಗಬೇಕು ಅಂತ ಜನ ಹೇಳತೊಡಗಿದ ಕಾಲ. ಆ ಕಾಲದವರಿಗೆ ಚದುರಂಗದ ಹುಚ್ಚು ಹಿಡಿದಿತ್ತು. ಪ್ಯಾರಿಸ್ಸಿನ ಕೆಫೆ ಡ ಲಾ ರೆಜಾನ್ಸ್ ಅನ್ನೋ ಕಾಫಿ ಅಂಗಡಿ ಅದರ ರಾಜಧಾನಿ. ದಿದರೋ ಅಲ್ಲಿ ಆಟ ನೋಡುತ್ತ ಕೂರುತ್ತಿದ್ದ. ರೂಸೋ ಅಲ್ಲಿ ಆಡುತ್ತಿದ್ದ. ಸಂಗೀತಗಾರರ ಮನೆತನದಿಂದ ಬಂದ, ತಾನೂ ಸಂಗೀತ ರಚಿಸುತ್ತಿದ್ದ ಫಿಲಿಡೋರ್ ಅಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದ.

ಹುಚ್ಚಿಗೆ ಕಾರಣ ಊಹಿಸೋದು ಕಷ್ಟವಲ್ಲ. ನಮ್ಮೂರು ದಾಬಸ್‌ಪೇಟೆಯ ಪಕ್ಕದ ಹಳ್ಳಿ. ಅಲ್ಲಿ ಅರಳಿಕಟ್ಟೆಯ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳಿದ್ದವು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ತಿನ್ನಬಹುದು, ಕುರಿಗಳು ಒಗ್ಗಟ್ಟಾಗಿ ಹುಲಿಯನ್ನು ಕಟ್ಟಿಹಾಕಬಹುದು. ಲೋಕ ಇರೋದೇ ಹಾಗೆ, ಎರಡು ಕಡೆಯ ಬಲ ಒಂದೇ ಅಲ್ಲ ಅಂತ ಆ ಆಟ ಶುರುವಿನಲ್ಲೇ ಒಪ್ಪಿಕೊಂಡುಬಿಡುತ್ತೆ. ಚದುರಂಗದಲ್ಲಿ ಹಾಗಿಲ್ಲ. ಎರಡೂ ಕಡೆ ಹದಿನಾರು ಕಾಯಿ. ದಾಳ ಇಲ್ಲ, ಆದ್ದರಿಂದ ಅದೃಷ್ಟ ಇಲ್ಲ. ಮುಚ್ಚಿಟ್ಟ ಎಲೆ ಇಲ್ಲ, ಆದ್ದರಿಂದ ಗುಟ್ಟಿಲ್ಲ. ಹುಟ್ಟಿನಿಂದಲೇ ಎಲ್ಲ ತೀರ್ಮಾನವಾಗುತ್ತಿದ್ದ ಸಮಾಜದಲ್ಲಿ ಇಂಥ ಒಂದು ಮಣೆ ಎಷ್ಟು ದೊಡ್ಡ ಸಮಾಧಾನ ಕೊಟ್ಟಿರಬೇಕು, ಯೋಚಿಸಿ.

ರೂಸೋ ತನ್ನ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ರಾಜವಂಶದ ಕೊಂತಿ ಅವನ ಜೊತೆ ಚದುರಂಗಕ್ಕೆ ಕೂತ. ಸುತ್ತ ಇದ್ದವರು ಸೋತುಬಿಡು ಅಂತ ಕಣ್ಸನ್ನೆ ಮಾಡಿದರು. ಗಡಿಯಾರ ಮಾಡುವವನ ಮಗ ರೂಸೋ ಸೋಲಲಿಲ್ಲ. ಆಟ ಗೆದ್ದು, ತಮ್ಮ ಮೇಲೆ ನನಗಿರುವ ಗೌರವ ದೊಡ್ಡದು, ಅದಕ್ಕೇ ಗೆಲ್ಲದೆ ಇರಲಾರೆ ಅನ್ನೋ ಅರ್ಥದ ಮಾತು ಹೇಳಿದ. ಮ್ಯಾನೇಜರ್ ಜೊತೆ ಟೇಬಲ್ ಟೆನಿಸ್ ಆಡಿದವರಿಗೆ ಆ ಕಣ್ಸನ್ನೆಯೂ ಗೊತ್ತು, ಆ ಗೆಲುವಿನ ರುಚಿಯೂ ಗೊತ್ತು.

ಆದರೆ ಕತೆ ಅಲ್ಲಿಗೆ ಮುಗಿಯಲ್ಲ. 1762ರ ಜೂನ್‌ನಲ್ಲಿ ರೂಸೋನ ಪುಸ್ತಕ ಧರ್ಮಕ್ಕೆ ವಿರುದ್ಧ ಅಂತ ಅವನನ್ನು ಬಂಧಿಸಲು ಆದೇಶ ಬಂತು. ಓಡಿಹೋಗು ಅನ್ನೋ ಸೂಚನೆ ಮುಂಚೆಯೇ ಅವನಿಗೆ ಮುಟ್ಟಿಸಿದವರಲ್ಲಿ ಒಬ್ಬ ಇದೇ ಕೊಂತಿ. ಮಣೆಯ ಮೇಲೆ ಇಬ್ಬರೂ ಸಮಾನರು. ಮಣೆ ಮಡಿಸಿಟ್ಟ ಮೇಲೆ ಒಬ್ಬ ಉಳಿಯುವುದು ಇನ್ನೊಬ್ಬನ ದಯೆಯಿಂದ.

1749ರಲ್ಲಿ ಲಂಡನ್ನಿನಲ್ಲಿ ಫಿಲಿಡೋರ್‌ನ ಚದುರಂಗದ ಪುಸ್ತಕ ಬಂತು. ರಾಜ, ಮಂತ್ರಿ, ಆನೆಗಳಲ್ಲ, ಕಾಲಾಳುಗಳೇ ಈ ಆಟದ ಜೀವ ಅಂತ ಅದರಲ್ಲಿ ಅವನು ಪ್ರತಿಪಾದಿಸಿದ. ಅದೇ ವರ್ಷ ದಿದರೋ ತನ್ನ ಬರಹಕ್ಕಾಗಿ ವಾನ್ಸೆನ್ ಕೋಟೆಯ ಜೈಲು ಸೇರಿದ. ಕಾಲಾಳುಗಳ ಬಗ್ಗೆ ಬರೆದವನನ್ನು ಯಾರೂ ಹಿಡಿಯಲಿಲ್ಲ, ಮನುಷ್ಯರ ಬಗ್ಗೆ ಬರೆದವನನ್ನು ಹಿಡಿದರು. ಫಿಲಿಡೋರ್‌ನ ಮಾತನ್ನು ಹಲವರು ಕ್ರಾಂತಿಯ ಮುನ್ಸೂಚನೆ ಅಂತ ಓದುತ್ತಾರೆ. ನನಗೆ ಅನುಮಾನ. ಕಾಲಾಳು ಆಟದ ಜೀವ ಅಂದವನು ಕಾಲಾಳನ್ನು ಬಲಿ ಕೊಡಬಾರದು ಅನ್ನಲಿಲ್ಲ. ಯಾವಾಗ ಕೊಡಬೇಕು ಅಂತ ಚೆನ್ನಾಗಿ ಕಲಿಸಿದ. ಕಂಪನಿಯ ಟೌನ್‌ಹಾಲ್‌ನಲ್ಲಿ ಉದ್ಯೋಗಿಗಳೇ ನಮ್ಮ ಜೀವಾಳ ಅನ್ನುವ ಸ್ಲೈಡ್ ಬಂದಾಗಲೆಲ್ಲ ನನಗೆ ಈ ಫ್ರೆಂಚರವ ನೆನಪಾಗುತ್ತಾನೆ. ಕೊನೆಗೆ ಅವನ ಗತಿಯೂ ಅಷ್ಟೇ ಆಯಿತು. ಕ್ರಾಂತಿಯ ಗಲಾಟೆಯಲ್ಲಿ ಲಂಡನ್ನಿನಲ್ಲೇ ಸಿಕ್ಕಿಕೊಂಡು, ಊರಿಗೆ ಮರಳಲು ಅನುಮತಿ ಸಿಗದೆ, 1795ರಲ್ಲಿ ಅಲ್ಲೇ ತೀರಿಕೊಂಡ.

ಆ ಶತಮಾನದ ಇನ್ನೊಂದು ಚದುರಂಗ ನಿಮಗೆ ಗೊತ್ತಿರುತ್ತೆ. 1770ರಲ್ಲಿ ಕೆಂಪೆಲೆನ್ ಅನ್ನುವವನು ವಿಯೆನ್ನಾದ ರಾಣಿ ಮರಿಯಾ ತೆರೇಸಾಳ ಆಸ್ಥಾನದಲ್ಲಿ ತಾನೇ ಚದುರಂಗ ಆಡುವ ಯಂತ್ರ ತೋರಿಸಿದ. ದೊಡ್ಡ ಪೆಟ್ಟಿಗೆ, ಅದರ ಹಿಂದೆ ಪೇಟ ಸುತ್ತಿದ ಟರ್ಕಿ ವೇಷದ ಗೊಂಬೆ. ಬಾಗಿಲು ತೆಗೆದು ಹಲ್ಲುಚಕ್ರಗಳನ್ನು ತೋರಿಸಿ, ಮುಚ್ಚಿ, ಆಟ ಶುರು. ಒಳಗೆ ಮುದುಡಿಕೊಂಡು ಕೂತಿದ್ದು ಮನುಷ್ಯ. ಪೆಟ್ಟಿಗೆಯೊಳಗಿನ ಮೇಣದಬತ್ತಿಯ ಬೆಳಕಿನಲ್ಲಿ ಆಡುತ್ತಿದ್ದ. ಈ ಕತೆಯನ್ನು ಈಗ ಎಲ್ಲರೂ ಎಐ ಬಗ್ಗೆ ಮಾತಾಡುವಾಗ ಹೇಳುತ್ತಾರೆ. ನನಗೆ ಕಾಡುವುದು ಒಳಗಿದ್ದವನು. ಅವನು ಒಳ್ಳೇ ಆಟಗಾರ. ಮಣೆಯ ಮೇಲೆ ಪ್ರತಿ ನಡೆಯೂ ಅವನ ಸ್ವಂತ ಬುದ್ಧಿಯದು. ಬುದ್ಧಿಗೆ ಪೂರ್ತಿ ಸ್ವಾತಂತ್ರ್ಯ, ಆದರೆ ಬೆನ್ನು ನೆಟ್ಟಗೆ ಮಾಡೋಕೂ ಜಾಗ ಇಲ್ಲ.

1784ರಲ್ಲಿ ಕಾಂಟ್ ಜ್ಞಾನೋದಯ ಅಂದರೇನು ಅಂತ ಒಂದು ಚಿಕ್ಕ ಲೇಖನ ಬರೆದ. ಸ್ವಂತ ಬುದ್ಧಿ ಬಳಸುವ ಧೈರ್ಯ ಮಾಡಬೇಕು ಅಂತ ಅದು ಹೇಳುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಅದೇ ಲೇಖನದಲ್ಲಿ ಇನ್ನೊಂದು ವಿಷಯವೂ ಇದೆ. ಹುದ್ದೆಯಲ್ಲಿರುವವನು ಹುದ್ದೆಯ ಕೆಲಸದಲ್ಲಿ ಆಜ್ಞೆ ಪಾಲಿಸಬೇಕು. ಓದುವ ಸಮಾಜದ ಮುಂದೆ ಬರೆಯುವಾಗ ಮಾತ್ರ ವಿಚಾರಕ್ಕೆ ತಡೆ ಇರಬಾರದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹಗಲು ಟಿಕೆಟ್ ಕ್ಲೋಸ್ ಮಾಡು, ರಾತ್ರಿ ಬ್ಲಾಗ್ ಬರೆ. ನಾನೂ ಅದನ್ನೇ ಮಾಡುತ್ತಿದ್ದೇನೆ. ಆದರೂ ಈ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಾಗಲ್ಲ.

ಯಾಕೆ ಅಂತ ಹೇಳೋಕೆ ಮತ್ತೆ ಮೈಸೂರಿಗೇ ಹೋಗಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಒಂದು ಕರಾರು ಬರೆಯಿತು. ಮೈಸೂರು ವರ್ಷಕ್ಕೆ ಏಳು ಲಕ್ಷ ಪಗೋಡ ಕೊಡಬೇಕು. ಆ ಹಣ ಬರುವುದು ಅನುಮಾನ ಅನ್ನಿಸಿದರೆ ಕಂಪನಿ ಆಡಳಿತವನ್ನು ತಾನೇ ತೆಗೆದುಕೊಳ್ಳಬಹುದು. ಕರಾರಿನ ಇನ್ನೊಂದು ಕಡೆ ಇದ್ದದ್ದು ಐದು ತುಂಬದ ಹುಡುಗ. ನಾವು ಆ್ಯಪ್ ಹಾಕಿಕೊಳ್ಳುವಾಗ ಓದದೆ ಒತ್ತುವ ‘ಒಪ್ಪಿದೆ’ ಬಟನ್ ಇದರ ಮುಂದೆ ಏನೂ ಅಲ್ಲ. ಮುಂದೆ 1830ರಲ್ಲಿ ತೆರಿಗೆಯ ಹೊರೆ, ಅಧಿಕಾರಿಗಳ ಕಾಟ ತಾಳಲಾರದೆ ನಗರ ಸೀಮೆಯ ರೈತರು ದಂಗೆ ಎದ್ದರು. ಅವರ ನೋವು ಸುಳ್ಳಲ್ಲ, ಅದರಲ್ಲಿ ಅರಮನೆಯ ಪಾಲು ಇಲ್ಲ ಅನ್ನೋಕೂ ಆಗಲ್ಲ. ಕಂಪನಿ ಅದನ್ನು ಕಾರಣ ಮಾಡಿಕೊಂಡು ಕರಾರಿನ ಕಲಮು ತೆಗೆದು ಓದಿತು. ಆಮೇಲೆ ಆಳಿದ್ದು ಕಮಿಷನರುಗಳು. ಭಾನುವಾರ ನಾವು ಚಾಪೆ ಹಾಸಿಕೊಂಡು ಪುಸ್ತಕ ಓದುವ ಉದ್ಯಾನಕ್ಕೆ ಹೆಸರು ಕೊಟ್ಟ ಕಬ್ಬನ್ ಅವರಲ್ಲಿ ಒಬ್ಬರು, 1834ರಿಂದ 1861ರವರೆಗೆ.

ಇಲ್ಲಿ ಒಂದು ಸಂಗತಿ ನನಗೆ ಮುಖ್ಯ. ಕುದುರೆ ನಡೆ ಬಿಡಿಸುತ್ತಿದ್ದ ಅದೇ ಕೈ ಅರ್ಜಿಗಳನ್ನೂ ಬರೆಸುತ್ತಿತ್ತು. ರಾಜ್ಯ ವಾಪಸ್ ಕೊಡಿ ಅಂತ ಮುಮ್ಮಡಿಯವರು ಗವರ್ನರ್ ಜನರಲ್‌ಗಳಿಗೆ ಮತ್ತೆ ಮತ್ತೆ ಕೇಳಿದರು. 1861ರಲ್ಲಿ ಕ್ಯಾನಿಂಗ್‌ಗೆ ಬರೆದರು, ಆಗಲ್ಲ ಅನ್ನೋ ಉತ್ತರ ಬಂತು. ಎಪ್ಪತ್ತು ದಾಟಿದ ಮೇಲೆ, 1865ರಲ್ಲಿ, ದತ್ತು ತೆಗೆದುಕೊಂಡರು. ದತ್ತುಪುತ್ರನಿಗೆ ರಾಜ್ಯ ಸಲ್ಲುತ್ತೆ ಅಂತ 1867ರಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿತು. ನಿಜವಾಗಿ ಆಡಳಿತ ಕೈಗೆ ಬಂದದ್ದು 1881ರಲ್ಲಿ, ಚಾಮರಾಜೇಂದ್ರ ಒಡೆಯರಿಗೆ. ಕೇಳಿದವರು ಸತ್ತು ಹದಿಮೂರು ವರ್ಷವಾಗಿತ್ತು.

ಅವರು ಬರೀ ಕುದುರೆ ಓಡಿಸಿಕೊಂಡು ಇದ್ದಿದ್ದರೆ ಅದು ಆಟಿಕೆ ಅಂತ ನಾನು ಒಪ್ಪುತ್ತಿದ್ದೆ. ಬರೀ ಅರ್ಜಿ ಬರೆಯುತ್ತ ಇದ್ದಿದ್ದರೆ ಬಹುಶಃ ಆ ಕಹಿಯಲ್ಲೇ ಮುಗಿದುಹೋಗುತ್ತಿದ್ದರು. ಮಣೆ ಅವರ ಬುದ್ಧಿಯನ್ನು ಬದುಕಿಸಿತು, ಅರ್ಜಿ ಅವರ ಪ್ರಶ್ನೆಯನ್ನು ಬದುಕಿಸಿತು. ದಿದರೋ ಕೂಡ ಜೈಲಿನಿಂದ ಬಂದು ರೆಜಾನ್ಸ್‌ನಲ್ಲಿ ಆಟ ನೋಡುತ್ತಲೇ ವಿಶ್ವಕೋಶ ಕಟ್ಟಿದ. ಅಷ್ಟೇ ಅಲ್ಲ, ಕಣ್ಣು ಕಟ್ಟಿಕೊಂಡವನ ಹಾಗೆ ಮಣೆ ನೋಡದೆ ಏಕಕಾಲಕ್ಕೆ ಹಲವು ಆಟ ಆಡುತ್ತಿದ್ದ ಫಿಲಿಡೋರ್‌ಗೆ 1782ರಲ್ಲಿ ಪತ್ರ ಬರೆದು, ಬರೀ ಹೊಗಳಿಕೆಗಾಗಿ ಇಂಥ ತಲೆಯನ್ನು ಪಣಕ್ಕಿಡಬೇಡ ಅಂತ ಸ್ನೇಹದಿಂದ ಗದರಿದ. ಬೆಂಜಮಿನ್ ಫ್ರಾಂಕ್ಲಿನ್ ಇನ್ನೂ ಒಂದು ಹೆಜ್ಜೆ ಮುಂದೆ. 1774ರ ಕೊನೆಯಲ್ಲಿ ಲಂಡನ್ನಿನಲ್ಲಿ ಅವನು ಅಡ್ಮಿರಲ್ ಹೋವನ ಅಕ್ಕನ ಜೊತೆ ಚದುರಂಗ ಆಡಲು ಹೋಗುತ್ತಿದ್ದ. ಆ ನೆಪದಲ್ಲೇ ಅಮೆರಿಕ-ಬ್ರಿಟನ್ ಯುದ್ಧ ತಪ್ಪಿಸುವ ಗುಟ್ಟಿನ ಮಾತುಕತೆ ನಡೆಯಿತು. ಮಾತುಕತೆ ಮುರಿದುಬಿತ್ತು. ಆದರೂ ಮಣೆ ಅಲ್ಲಿ ಗೋಡೆಯ ಬದಲು ಬಾಗಿಲಾಗಿತ್ತು.

ಇನ್ನು ನನ್ನ ವಿಷಯ. ನಾನು ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಆರ್ಡರ್ ಬಂದಾಗ ಸಾಮಾನು ಎತ್ತಿಕೊಂಡು ಬರುವವನು ಯಾವ ಸಾಲಿನಿಂದ ಯಾವ ಸಾಲಿಗೆ ಹೋದರೆ ಕಡಿಮೆ ದೂರ ನಡೆಯುತ್ತಾನೆ ಅಂತ ಲೆಕ್ಕ ಹಾಕುವ ಕೆಲಸ. ಕುದುರೆ ನಡೆಗೆ ದೂರದ ಸಂಬಂಧಿ. ಮಜಾ ಇರುವ ಸಮಸ್ಯೆ, ಸುಳ್ಳು ಹೇಳಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ತಲೆಯಲ್ಲಿ ಓಡುತ್ತಿರುತ್ತೆ. ಇದರ ‘ಓನರ್‌ಶಿಪ್’ ನಿನ್ನದು ಅಂತ ಆಫೀಸಿನಲ್ಲಿ ಹೇಳುತ್ತಾರೆ. ನಿಜ, ಅಲ್ಗಾರಿದಮ್ ನನ್ನದು. ಎಷ್ಟು ಜನ ಬೇಕು, ಗಂಟೆಗೆ ಎಷ್ಟು ಸಾಮಾನು, ಇದನ್ನು ತೀರ್ಮಾನಿಸುವವರು ಬೇರೆ. ಅಲ್ಲಿಯವರೆಗೆ ನಾನೂ ಬೇರೆಯವರ ಮಣೆಯ ಮೇಲಿನ ಆಟಗಾರ.

ಆದರೆ ತುಮಕೂರು ರಸ್ತೆಯುದ್ದಕ್ಕೂ, ನೆಲಮಂಗಲದಿಂದ ನಮ್ಮ ಕಡೆಗೆ, ಈಗ ರಾಗಿ ಹೊಲ ಇದ್ದ ಜಾಗಗಳಲ್ಲಿ ಗೋದಾಮಿನ ಶೆಡ್ಡುಗಳಿವೆ. ನಮ್ಮ ಪಕ್ಕದ ಮನೆ ಹುಡುಗ ಅಂಥ ಒಂದರಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಊರಿಗೆ ಹೋದಾಗ ಕೆಲಸ ಹೇಗಿದೆ ಅಂತ ಕೇಳಿದೆ. “ಕೈಯಾಗೆ ಸ್ಕ್ಯಾನರ್ ಕೊಟ್ಟವ್ರೆ ಅಣ್ಣಾ. ಅದು ಎಲ್ಲಿಗೆ ಹೋಗು ಅಂತದೋ ಅಲ್ಲಿಗೆ ಹೋಗೋದು. ಯಾಕೆ ಅಂತ ಅದು ಹೇಳಕ್ಕಿಲ್ಲ, ನಾವು ಕೇಳಕ್ಕಿಲ್ಲ” ಅಂದ. ದೂರು ಹೇಳುವ ದನಿಯೇನಲ್ಲ, ಇರೋದು ಹೇಳಿದ ಅಷ್ಟೇ. ಆ ಸ್ಕ್ಯಾನರಿನಲ್ಲಿ ಓಡುತ್ತಿರೋದು ನಾನು ಬರೆದ ಕೋಡ್ ಅಲ್ಲದಿರಬಹುದು. ಆದರೆ ನನ್ನಂಥವನೊಬ್ಬ ಬರೆದದ್ದು. ನನಗೆ ಅದು ಸುಂದರವಾದ ಸಮಸ್ಯೆ, ಅವನಿಗೆ ಅದು ದಿನದ ಎಂಟು ಗಂಟೆ.

ಹಾಗಾದರೆ ಮಣೆಗೆ ಗೆರೆ ಎಳೆಯುವುದೇ ತಪ್ಪೇ? ಖಂಡಿತ ಅಲ್ಲ. ಗೆರೆ ಇಲ್ಲದಿದ್ದರೆ ಆಟವೇ ಇಲ್ಲ. ಯಾರೋ ಒಬ್ಬರು ಎಳೆಯಲೇಬೇಕು. ಚದುರಂಗದ ನಿಯಮಗಳನ್ನೂ ನಾವು ಮಾಡಲಿಲ್ಲ, ಆದರೂ ಅದರಲ್ಲಿ ಯಾರಿಗೂ ಅವಮಾನ ಆಗಲ್ಲ. ಅದಕ್ಕೆ ಮೂರು ಕಾರಣ ಇದೆ ಅಂತ ನನಗನ್ನಿಸುತ್ತೆ. ಮೊದಲನೆಯದು, ಕೂರುವ ಮುಂಚೆ ಇಬ್ಬರಿಗೂ ನಿಯಮ ಗೊತ್ತು. ಎರಡನೆಯದು, ಸಾಕು ಅಂತ ಯಾವಾಗ ಬೇಕಾದರೂ ಏಳಬಹುದು, ಎದ್ದರೆ ಮನೆಯಲ್ಲಿ ಒಲೆ ಆರಲ್ಲ. ಮೂರನೆಯದು, ಇದು ಸರಿಯಾದ ನಡೆಯಲ್ಲ ಅನ್ನಿಸಿದರೆ ಎದುರಿಗಿರುವವನನ್ನು ಕೇಳಬಹುದು, ಅವನು ಉತ್ತರ ಕೊಡಲೇಬೇಕು. ಐದು ವರ್ಷದ ರಾಜನ ಕರಾರಿನಲ್ಲಿ ಈ ಮೂರೂ ಇರಲಿಲ್ಲ. ಪೆಟ್ಟಿಗೆಯೊಳಗಿದ್ದವನಿಗೆ ಮೊದಲನೆಯದು ಮಾತ್ರ ಇತ್ತು. ಪಕ್ಕದ ಮನೆ ಹುಡುಗನಿಗೆ ಎರಡನೆಯದು ಹೆಸರಿಗಷ್ಟೇ ಇದೆ. ಬಿಟ್ಟರೆ ಮುಂದಿನ ತಿಂಗಳ ಇಎಂಐ ಕಟ್ಟುವವರಾರು?

ನಮ್ಮಂಥ ಸಂಬಳದಾರರಿಗೆ ಎರಡು ಕಡೆಯ ಹೊಣೆ ಇದೆ. ನಮ್ಮ ಮೇಲೆ ಎಳೆದ ಗೆರೆಗಳನ್ನು ಪ್ರಶ್ನಿಸೋದು ಒಂದು. ಅದನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ, ಅಪ್ರೈಸಲ್ ತಿಂಗಳಲ್ಲಂತೂ ಹೇಳೋದೇ ಬೇಡ. ನಾವು ಬೇರೆಯವರಿಗೆ ಎಳೆಯುವ ಗೆರೆಗಳ ಬಗ್ಗೆ ಅಷ್ಟೇ ಗಟ್ಟಿಯಾಗಿ ಯೋಚಿಸೋದು ಇನ್ನೊಂದು. ಕಾಂಟ್ ಹೇಳಿದ ಹಾಗೆ ಹಗಲು ಪಾಲಿಸಿ ರಾತ್ರಿ ಬರೆಯೋದು ನನಗೆ ಸಾಲದು ಅನ್ನಿಸೋದು ಇದಕ್ಕೇ. ನನ್ನ ಬ್ಲಾಗನ್ನು ಆ ಹುಡುಗ ಓದಲ್ಲ. ಅವನನ್ನು ಮುಟ್ಟುವುದು ನಾನು ಹಗಲು ಬರೆಯುವುದು ಮಾತ್ರ.

ಈ ಮೂರರಲ್ಲಿ ನನ್ನ ಕೈಗೆ ಎಟಕುವುದು ಮೂರನೆಯದು. ಮುಂದಿನ ರಿಲೀಸ್‌ನ ಪಟ್ಟಿಗೆ ಒಂದು ಚಿಕ್ಕ ಐಟಂ ಸೇರಿಸಿದ್ದೇನೆ. ಸ್ಕ್ಯಾನರ್ ತೋರಿಸುವ ದಾರಿಯ ಕೆಳಗೆ ಎರಡು ಗುಂಡಿ: ‘ಯಾಕೆ ಈ ದಾರಿ?’ ಮತ್ತು ‘ಈ ದಾರಿ ಸರಿಯಿಲ್ಲ’. ಎರಡನೆಯದನ್ನು ಒತ್ತಿದರೆ ಅವನ ಲೆಕ್ಕದಲ್ಲಿ ಒಂದು ಸೆಕೆಂಡೂ ಕಡಿತವಾಗಬಾರದು, ಮತ್ತು ಅದು ಒಬ್ಬ ಮನುಷ್ಯನ ಕಣ್ಣಿಗೆ ಬೀಳಬೇಕು. ಮಂಗಳವಾರದ ಮೀಟಿಂಗ್‌ನಲ್ಲಿ ಚರ್ಚೆಗೆ ಬರುತ್ತೆ. ಇದರಿಂದ ಬಿಸಿನೆಸ್‌ಗೆ ಏನು ಲಾಭ ಅಂತ ಕೇಳೇ ಕೇಳುತ್ತಾರೆ. ರಾಕ್ ಎಲ್ಲಿ ಕೆಟ್ಟಿದೆ, ಎಲ್ಲಿ ಫೋರ್ಕ್‌ಲಿಫ್ಟ್ ಅಡ್ಡ ನಿಂತಿದೆ ಅನ್ನೋದು ನಡೆಯುವವನಿಗೇ ಮೊದಲು ಗೊತ್ತಾಗೋದು ಅಂತ ಉತ್ತರ ಸಿದ್ಧ ಮಾಡಿಕೊಂಡಿದ್ದೇನೆ. ಅದು ನಿಜವಾದ ಉತ್ತರವೇ. ಪೂರ್ತಿ ಉತ್ತರ ಅಲ್ಲ, ಅಷ್ಟೇ.